ಬಳ್ಳಿ ತಪ್ಪು

ಪ್ಲಾಸ್ಟಿಕ್ ಚೀಲದಿಂದ ಆಲ್ಬಮ್ ಹೊರಗೆಳೆಯುತ್ತಿದ್ದವನ ಮಣಿಕಟ್ಟನ್ನು ಬೆರಿಲ್ ಗಪ್ಪನೆ ಹಿಡಿದಳು.

"ಏನ್ರೀ ಇದು? ಇಲ್ಲಿ ಅಂಗಡಿ ಹಾಕೋಕೆ ಬಂದಿದ್ದೀರಾ?"

"ಮಿಸೆಸ್ ಸಗ್ಡನ್ ಹತ್ರ ಒಂದೇ ಒಂದು ಮಾತು ಕೇಳ್ಬೇಕಿತ್ತು, ಅಷ್ಟೇ."

"ಅವಳ ಗಂಡ ಹೊರಗೆ ಕಾರಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದಾನೆ. ಮಾತು ಕೇಳೋ ಹೊತ್ತಾ ಇದು? ತೆಗೀರಿ ಆ ಪುಸ್ತಕ, ಮೊದಲು ಒಳಗಿಡಿ."

ಮಿಸ್ಟರ್ ಪಿಲ್ಲಿಂಗ್ ಆಲ್ಬಮ್ಮನ್ನು ಅರ್ಧ ಚೀಲದೊಳಗೆ ಇಳಿಸಿ, ಪೂರ್ತಿ ಇಳಿಸಲು ಮನಸ್ಸಾಗದೆ ಹಾಗೆಯೇ ನಿಂತ. ಅಂಚೆ ಚೀಟಿ ಕೂಡಿಡುವವನು, ಮೂರು ಬಸ್ಸು ಬದಲಿಸಿ ಬಂದಿದ್ದ ಮನುಷ್ಯ. ಕೋಟಿನ ಭುಜ ಒದ್ದೆಯಾಗಿತ್ತು.

ನಮ್ಮ ಹಾರ್‌ಬೆಕ್ ಊರಿನ ಚಿತಾಗಾರದಲ್ಲಿ ಅರ್ಧ ಗಂಟೆಗೊಂದು ಸಾವು. ಹನ್ನೊಂದೂವರೆಯವರದು ದೊಡ್ಡ ಕುಟುಂಬ, ಭಾಷಣಗಳು ಮುಗಿದಿರಲಿಲ್ಲ. ಹನ್ನೆರಡರವರು ಕಾಯುವ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಹನ್ನೆರಡರವರು ಅಂದರೆ ಡೆರಿಕ್ ಸಗ್ಡನ್ನನ ಕಡೆಯವರು, ಪಿಲ್ಲಿಂಗನನ್ನೂ ಸೇರಿಸಿದರೆ ಏಳು ಜನ. ನಲವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಇಡೀ ಊರಿನ ಕಾಗದಗಳನ್ನು ಬೀದಿ ಬೀದಿಗೆ ವಿಂಗಡಿಸಿದವನಿಗೆ ಊರು ಇಷ್ಟು ಜನರನ್ನು ಕಳಿಸಿತ್ತು. ಊರಿಗೂ ಕೆಲಸವಿರುತ್ತದೆ, ಇರಲಿ.

ಡೆರಿಕ್‌ನ ಹೆಂಡತಿ ಮ್ಯೂರಿಯಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಎಪ್ಪತ್ತೈದರ ಹೆಂಗಸು, ಕಪ್ಪು ಕೈಗವಸು ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಗಂಡ ಸತ್ತು ಒಂಬತ್ತು ದಿನವಾಗಿದ್ದರೂ ಕಣ್ಣಲ್ಲಿ ನೀರು ಬಂದಿರಲಿಲ್ಲ. ಪಾದ್ರಿ ಮನೆಗೆ ಬಂದು, "ಡೆರಿಕ್ ಎಂಥ ಮನುಷ್ಯ, ಹೇಳಿ" ಎಂದಾಗ ಬಹಳ ಹೊತ್ತು ಯೋಚಿಸಿ "ಅಚ್ಚುಕಟ್ಟು" ಎಂದಿದ್ದಳು. ದಹನಕ್ಕೆ ಕಳಿಸಲು ಪರದೆ ಮುಚ್ಚುವ ಮೊದಲು ಹೆಂಡತಿ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ಬೀಳ್ಕೊಡುವುದು ರೂಢಿ, ಯಾವಾಗ ಏಳಬೇಕು ಅಂತ ಸನ್ನೆ ಮಾಡ್ತೀನಿ ಎಂದು ಪಾದ್ರಿ ಹೇಳಿದ್ದ.

"ನಾನು ಏಳಲ್ಲ," ಎಂದಿದ್ದಳು ಮ್ಯೂರಿಯಲ್. "ಕೂತಲ್ಲೇ ಇರ್ತೀನಿ."

ಬೆಳಗ್ಗೆ ತಂಗಿ ಬೆರಿಲ್ ಇದಕ್ಕಾಗಿ ಜಗಳವನ್ನೇ ಆಡಿದ್ದಳು. "ಜನ ಏನಂತಾರೆ? ಐವತ್ತಮೂರು ವರ್ಷ ಒಂದು ದಿನ ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ಒಂದು ಸಲ ಮುಟ್ಟಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಮ್ಯೂರಿಯಲ್ ಕಪ್ಪು ಕೈಗವಸು ಹುಡುಕಿ ಹಾಕಿಕೊಂಡಿದ್ದಳು. ಮುಟ್ಟಿದರೆ ಕ್ಷಮಿಸಿದ ಹಾಗೆ. ಕ್ಷಮಿಸದೆ ಕ್ಷಮಿಸಿದವಳಂತೆ ನಟಿಸುವುದು ಅವಳಿಗೆ ಆಗುತ್ತಿರಲಿಲ್ಲ.

*

ಸಾವಿರದ ಒಂಬೈನೂರ ಎಪ್ಪತ್ತೊಂದು, ಡಿಸೆಂಬರ್ ಆರು. ಮ್ಯೂರಿಯಲ್‌ಳ ಕೂಸು ಹೊಟ್ಟೆಯಲ್ಲೇ ಜೀವ ಬಿಟ್ಟು ಹುಟ್ಟಿತು. ಹೆಣ್ಣು ಎಂದು ಮಾತ್ರ ಹೇಳಿದರು. ಟವೆಲ್ಲಿನಲ್ಲಿ ಸುತ್ತಿ ದಾದಿ ಬಾಗಿಲಾಚೆ ಒಯ್ದಳು. ಮ್ಯೂರಿಯಲ್‌ಗೆ ಕಂಡದ್ದು ದಾದಿಯ ಬೆನ್ನು ಮಾತ್ರ.

"ನೋಡೋದು ಬೇಡಮ್ಮ, ನೋಡಿದ್ರೆ ಮನಸ್ಸಿಗೆ ಹತ್ತತ್ತೆ. ಮನೆಗೆ ಹೋಗಿ, ಇನ್ನೊಂದು ಆಗತ್ತೆ," ಎಂದಳು ಇನ್ನೊಬ್ಬಳು. ಇನ್ನೊಂದು ಆಗಲೇ ಇಲ್ಲ.

ಡೆರಿಕ್ ಕಾಗದಕ್ಕೆ ಸಹಿ ಹಾಕಿದ. ಸತ್ತು ಹುಟ್ಟಿದ ಮಗುವಿನ ಕಾಗದದಲ್ಲಿ ಹೆಸರು ಬರೆಯುವ ಜಾಗವೇ ಇರಲಿಲ್ಲ. ಹೂಳುವುದೂ ಆಸ್ಪತ್ರೆಯವರ ಜವಾಬ್ದಾರಿ. ಯಾರದೋ ಗುಂಡಿಯಲ್ಲಿ ಇತರರ ಜೊತೆ ಸೇರಿಸಿಬಿಡುತ್ತಿದ್ದರು, ಎಲ್ಲಿ ಎಂದು ತಾಯಿ ತಂದೆಗೆ ಹೇಳುತ್ತಿರಲಿಲ್ಲ. ಆ ಕಾಲಕ್ಕೆ ಅದೇ ಕರುಣೆ ಎಂದು ಎಲ್ಲರೂ ನಂಬಿದ್ದರು.

ಅವಳು ಮನೆಗೆ ಬರುವಷ್ಟರಲ್ಲಿ ತೊಟ್ಟಿಲು ಇರಲಿಲ್ಲ. ಹಳದಿ ಬಣ್ಣ ಬಳಿದಿದ್ದ ಕೋಣೆಗೆ ಡೆರಿಕ್ ಬಿಳಿ ಬಳಿದಿದ್ದ. ಒಂದು ರಾತ್ರಿ ಊಟದ ತಟ್ಟೆ ಎತ್ತುತ್ತಾ ಅವಳು ಕೇಳಿದಳು, "ಎಲ್ಲಿಗೆ ಒಯ್ದರು ಅಂತ ವಿಚಾರಿಸಿದ್ಯಾ?"

"ಬೇಡ ಮ್ಯೂರಿಯಲ್," ಎಂದ. ಎದ್ದು ಹಿತ್ತಲಿಗೆ ಹೋದ.

ಅಷ್ಟೇ. ಆಮೇಲೆ ಐವತ್ತೆರಡು ವರ್ಷ ಒಂದೇ ಮೇಜಿನಲ್ಲಿ ಚಹಾ ಕುಡಿದರು, ಮಗುವಿನ ಮಾತು ಒಂದು ದಿನವೂ ಏಳಲಿಲ್ಲ. ಹುಟ್ಟುವ ಮೊದಲು ಅಡುಗೆಮನೆಯಲ್ಲಿ ಕೂತು ಇಬ್ಬರೂ ಹೆಸರು ಆರಿಸಿದ್ದರು. ಗಂಡಾದರೆ ಅವನ ಅಪ್ಪನ ಹೆಸರು, ಹೆಣ್ಣಾದರೆ ಐವಿ. ಆ ಹೆಸರನ್ನು ಅವನು ಮರೆತ ಎಂದೇ ಮ್ಯೂರಿಯಲ್ ತಿಳಿದಳು. ಕಲ್ಲುಗುಂಡಿನಂಥ ಗಂಡಸು, ಬಿಳಿ ಬಣ್ಣ ಬಳಿದು ಕೈ ತೊಳೆದುಕೊಂಡ ಎಂದು ಅವಳ ತೀರ್ಮಾನ. ಆ ಗಂಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನ ಅಂಗಿಗಳಿಗೆ ಇಸ್ತ್ರಿ ಹಾಕಿದಳು.

*

"ಮಿಸ್ಟರ್ ಪಿಲ್ಲಿಂಗ್, ಇವತ್ತು ಬೇಡ," ಎಂದು ಗಿಲಿಯನ್ ಮೆಲ್ಲಗೆ ಹೇಳಿದಳು. ಊರಿನ ಅಂಚೆ ವಸ್ತುಸಂಗ್ರಹಾಲಯ ನೋಡಿಕೊಳ್ಳುವವಳು ಅವಳು. ನಿವೃತ್ತಿಯ ನಂತರ ಡೆರಿಕ್ ಸಂಬಳವಿಲ್ಲದೆ ಅಲ್ಲಿ ವಾರಕ್ಕೆರಡು ದಿನ ದುಡಿದಿದ್ದ.

"ಇವತ್ತಲ್ದೆ ಯಾವಾಗ ಗಿಲಿಯನ್? ನನಗೂ ಎಂಬತ್ತೊಂದು. ಡೆರಿಕ್ ಅವರನ್ನ ಕೇಳೋಕೆ ಧೈರ್ಯ ಬರ್ಲಿಲ್ಲ. ಈಗ ಅವರೇ ಇಲ್ಲ. ಇವರಿಗಾದ್ರೂ ಗೊತ್ತಿರತ್ತೆ. ಬಳ್ಳಿ ತಪ್ಪು ಬೇಕಂತ ಮಾಡಿದ್ದಾ, ಕೈ ತಪ್ಪಿ ಆಗಿದ್ದಾ?"

"ಎಂಥಾ ಬಳ್ಳಿ ಮಾರಾಯ?" ಎಂದಳು ಬೆರಿಲ್. "ಸಾವಿನ ಮನೆಗೂ ಸಂತೆಗೂ ವ್ಯತ್ಯಾಸ ಗೊತ್ತಿಲ್ವಾ ನಿಮಗೆ?"

"ಸಂಗ್ರಹಾಲಯದ ಬಾಗಿಲ ಹತ್ರ ಯಂತ್ರ ಇದ್ಯಲ್ಲ, ನಾಣ್ಯ ಹಾಕಿದ್ರೆ ಅಂಚೆ ಚೀಟಿ ಬರೋದು. ಚಿತ್ರದ ಕೆಳಗೆ ಒಂದು ಸಾಲು, ಹಬ್ಬಕ್ಕೆ, ಜಾತ್ರೆಗೆ, ಡೆರಿಕ್ ಅವರೇ ಟೈಪ್ ಮಾಡಿ ಅಚ್ಚು ಹಾಕಿಸ್ತಿದ್ರು. ಆ ವರ್ಷ 'ಹಾರ್‌ಬೆಕ್ ಕ್ರಿಸ್‌ಮಸ್' ಅಂತ ಬರ್ಬೇಕಿತ್ತು. ಮೊದಲ ಚೀಟಿ ತಗೊಂಡವನು ನಾನು, ಡಿಸೆಂಬರ್ ಆರು, ಬೆಳಗ್ಗೆ ಹತ್ತು ಗಂಟೆಗೆ. ನೋಡಿದ್ರೆ ಬೇರೇನೋ ಒಂದೇ ಪದ."

ಕಿಟಕಿಯತ್ತ ಇದ್ದ ಮ್ಯೂರಿಯಲ್‌ಳ ಮುಖ ಈಗ ತಿರುಗಿತು. "ಡಿಸೆಂಬರ್ ಎಷ್ಟು ಅಂದ್ರಿ?"

"ಆರು. ಎರಡು ಸಾವಿರದ ಹದಿನಾರು."

"ಏನಂತ ಬಂದಿತ್ತು?"

ಪಿಲ್ಲಿಂಗ್ ಬೆರಿಲ್‌ಳ ಮುಖ ನೋಡಿದ. ಅವಳು ತಡೆಯಲಿಲ್ಲವಾದ್ದರಿಂದ ಆಲ್ಬಮ್ ಪೂರ್ತಿ ಹೊರಬಂತು. ಗುರುತಿಟ್ಟ ಪುಟವನ್ನು ತೆರೆದು ಮ್ಯೂರಿಯಲ್‌ಳ ಮಡಿಲಲ್ಲಿಟ್ಟ. ಪ್ಲಾಸ್ಟಿಕ್ ಪೊರೆಯ ಕೆಳಗೆ ಬೆರಳುದ್ದದ ಚೀಟಿ, ಅಂಚೆಗಾಡಿ ಎಳೆಯುವ ಕುದುರೆಯ ಚಿತ್ರ. ಕೆಳಗೆ ಕಪ್ಪು ಅಕ್ಷರದಲ್ಲಿ, ಐವಿ.

"ಐವಿ ಅಂದ್ರೆ ಕ್ರಿಸ್‌ಮಸ್‌ಗೆ ಬಾಗಿಲಿಗೆ ಕಟ್ಟೋ ಬಳ್ಳಿ ಅಲ್ವಾ, ಅದಕ್ಕೇ ನಾವು ಚೀಟಿ ಕೂಡಿಡೋರು ಬಳ್ಳಿ ತಪ್ಪು ಅಂತ ಹೆಸರಿಟ್ವಿ," ಪಿಲ್ಲಿಂಗ್‌ಗೆ ಉತ್ಸಾಹ ಬಂತು. "ಏಳೇ ಏಳು ಹೊರಗೆ ಬಿದ್ದಿರೋದು. ಬೆರಳು ಜಾರಿತು ಅಂದ್ರು ಅವರು. ಬೆರಳು ಜಾರಿದ್ರೆ ಒಂದಕ್ಷರ ತಪ್ಪತ್ತೆ, ಪೂರ್ತಿ ಬೇರೆ ಪದ ಬರತ್ತಾ? ತಪ್ಪಚ್ಚಿನ ಚೀಟಿಗೆ ಬೆಲೆ ಜಾಸ್ತಿ, ಮಾರೋದಕ್ಕೆ ಅಂತ ಬೇಕಂತಲೇ ಅಪರೂಪ ಮಾಡಿದ್ರು ಅಂತ ಎಲ್ಲರ ಅನುಮಾನ. ದೂರಿನ ಕಾಗದ ಬರೆದವನು ನಾನೇ."

ಮ್ಯೂರಿಯಲ್ ಒಂದು ಕೈಗವಸು ಬಿಚ್ಚಿದಳು. ಬರಿಯ ಬೆರಳನ್ನು ಪ್ಲಾಸ್ಟಿಕ್ಕಿನ ಮೇಲೆ ಇಟ್ಟಳು.

"ಬೇಕಂತಲೇ ಮಾಡಿದ್ದು," ಎಂದಳು. "ಅದು ಬಳ್ಳಿ ಅಲ್ಲ. ನಮ್ಮ ಮಗಳು."

*

ಚೀಟಿ ಅಚ್ಚಾದ ಆ ಬೆಳಗ್ಗೆ ನಡೆದದ್ದಕ್ಕೆ ಗಿಲಿಯನ್ ಒಬ್ಬಳೇ ಸಾಕ್ಷಿ, ಅವಳಿಗೂ ಅರ್ಧವೇ ಗೊತ್ತಿತ್ತು.

ವಸ್ತುಸಂಗ್ರಹಾಲಯ ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡ, ಡಿಸೆಂಬರಿನಲ್ಲಿ ಒಳಗೇ ಉಸಿರು ಹೊಗೆಯಾಗುತ್ತದೆ. ಒಂಬತ್ತಕ್ಕೆ ಡೆರಿಕ್ ಬಂದು ಯಂತ್ರದ ಬೆನ್ನು ತೆರೆದು ಹೊಸ ಸುರುಳಿ ಕೂರಿಸಿದ. ಸಾಲು ಟೈಪ್ ಮಾಡಿ ಪರೀಕ್ಷೆಗೆ ಒಂದು ಚೀಟಿ ತೆಗೆಯುವುದು ಪ್ರತಿ ಸಲದ ಕ್ರಮ. ಗಿಲಿಯನ್ ಚಹಾ ತಂದಾಗ ಅವನು ಆ ಚೀಟಿಯನ್ನು ಬೆಳಕಿಗೆ ಹಿಡಿದುಕೊಂಡು ನಿಂತಿದ್ದ. ಅಚ್ಚು ಸರಿ ಬಂದಿದೆಯಾ ಎಂದು ಕೇಳಿದಳು. "ಬಂದಿದೆ," ಎಂದ, "ಚೆನ್ನಾಗಿ ಬಂದಿದೆ." ಚೀಟಿ ಅವನ ಕೈಯಲ್ಲೇ ಇತ್ತು. ಆಗ ಹಿಂಬಾಗಿಲಲ್ಲಿ ಸಾಮಾನಿನ ಗಾಡಿಯವನು ಗಂಟೆ ಒತ್ತಿದ. ಡೆರಿಕ್ ಪೆಟ್ಟಿಗೆಗಳನ್ನು ಇಳಿಸಲು ಓಡಿದ. ಹತ್ತಕ್ಕೆ ಬಾಗಿಲು ತೆರೆದು ಸಾಲಿನಲ್ಲಿದ್ದವರು ಒಳಗೆ ನುಗ್ಗಿದರು.

ಏಳು ಚೀಟಿ ಹೋದ ಮೇಲೆ, ಸಾಲು ಬದಲಿಸಿಲ್ಲ ಎಂದು ಅವನಿಗೆ ನೆನಪಾಯಿತು. ಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು ಎಂದು ಗಿಲಿಯನ್‌ಗೆ ನೆನಪು.

ದೂರು ಬಂದ ಮೇಲೆ ಅವಳು ಕೋಣೆಗೆ ಕರೆಸಿ ಕೇಳಿದಳು. "ಏನಾಯ್ತು ಡೆರಿಕ್? ಒಂದು ಕಾರಣ ಕೊಡಿ, ನಾನು ಮೇಲಿನವರಿಗೆ ಸಮಾಧಾನ ಹೇಳ್ತೀನಿ."

"ಬೆರಳು ಜಾರಿತು."

"ಅದನ್ನ ಯಾರೂ ನಂಬ್ತಿಲ್ಲ."

"ನಂಬದಿದ್ರೆ ಬಿಡಿ."

ಯಂತ್ರದ ಬೀಗದ ಕೈ ಮೇಜಿನ ಮೇಲಿಟ್ಟು ಹೋದ. ಮನೆಯಲ್ಲಿ, "ಇನ್ನು ಆ ಕೆಲಸಕ್ಕೆ ಹೋಗಲ್ಲ," ಎಂದ. "ಒಳ್ಳೇದಾಯ್ತು, ಗಟಾರ ಕಟ್ಟಿಕೊಂಡಿದೆ, ಅದನ್ನ ನೋಡು," ಎಂದಿದ್ದಳು ಮ್ಯೂರಿಯಲ್.

*

"ನಾನೇ ಅವರ ಕೈಯಿಂದ ಬೀಗದ ಕೈ ತಗೊಂಡವಳು," ಗಿಲಿಯನ್ ಅಳುತ್ತಿದ್ದಳು. "ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಹೇಳೋ ಜಾತಿ ಅಲ್ಲ ಅದು," ಎಂದಳು ಮ್ಯೂರಿಯಲ್. ಧ್ವನಿ ಬಿರುಸಾಗಿತ್ತು. "ಯಂತ್ರಕ್ಕೆ ಹೇಳಿದಾನೆ ನೋಡು. ಪೆದ್ದ. ದಿನಾ ಎದುರಿಗೆ ಕೂತು ರೊಟ್ಟಿ ತಿಂತಿದ್ದವಳಿಗೆ ಹೇಳ್ಲಿಲ್ಲ, ಹೋಗಿ ಯಂತ್ರಕ್ಕೆ ಹೇಳಿದಾನೆ." ಅವಳೇ ಮುಂದುವರಿಸಿದಳು, "ನಾನಾದ್ರೂ ಎಲ್ಲಿ ಹೇಳಿದೆ? ಆ ಹೆಸರು ನನ್ನ ಬಾಯಲ್ಲಾದ್ರೂ ಯಾವತ್ತು ಬಂತು?"

ಬೆರಿಲ್ ಅಕ್ಕನ ಪಕ್ಕ ಕೂತಳು. ಕೂಸು ಹೋದದ್ದು ಅವಳಿಗೆ ಗೊತ್ತಿತ್ತು, ಹೆಸರಿತ್ತೆಂದು ಗೊತ್ತಿರಲಿಲ್ಲ. "ನನಗಾದ್ರೂ ಹೇಳ್ಬಾರ್ದಿತ್ತೇನೇ?" ಎಂದಳು.

ಪಿಲ್ಲಿಂಗ್ ಟೋಪಿಯನ್ನು ಕೈಯಲ್ಲಿ ಮಡಿಸುತ್ತಾ ಬಿಚ್ಚುತ್ತಾ ನಿಂತಿದ್ದ. ಆಮೇಲೆ ಬಗ್ಗಿ, ಮ್ಯೂರಿಯಲ್‌ಳ ಮಡಿಲಲ್ಲಿದ್ದ ಆಲ್ಬಮ್ಮಿನ ಪೊರೆಯೊಳಕ್ಕೆ ಜೇಬಿನ ಚಿಮಟ ಇಳಿಸಿ ಚೀಟಿಯನ್ನು ಈಚೆಗೆ ತೆಗೆದ. ಇಂಥದ್ದನ್ನು ಕೈಯಿಂದ ಮುಟ್ಟಬಾರದು ಎಂಬುದು ಚೀಟಿ ಕೂಡಿಡುವವರ ಮಡಿ. ಅದನ್ನು ಅವಳ ಬರಿಗೈ ಮೇಲೆ ಇಟ್ಟ.

"ಇದು ನಿಮ್ಮದು, ಮಿಸೆಸ್ ಸಗ್ಡನ್. ನನ್ನ ಹತ್ರ ಇರ್ಬಾರ್ದಿತ್ತು. ಆ ಕಾಗದ ನಾನು ಬರೀಬಾರ್ದಿತ್ತು."

"ಬರೀದಿದ್ರೆ ಇವತ್ತು ನೀವು ಬರ್ತಾನೂ ಇರ್ಲಿಲ್ಲ," ಎಂದಳು ಅವಳು. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ಪಿಲ್ಲಿಂಗ್‌ಗೆ ತಿಳಿಯಲಿಲ್ಲ.

ಹನ್ನೆರಡೂ ಹತ್ತಕ್ಕೆ ಪ್ರಾರ್ಥನೆಯ ಕೋಣೆಯ ಬಾಗಿಲು ತೆರೆಯಿತು. ಹೊತ್ತಾಗಿದ್ದರಿಂದ ಪಾದ್ರಿ ಎರಡು ಪ್ರಾರ್ಥನೆಗಳನ್ನು ಒಂದಕ್ಕೆ ಇಳಿಸಿದ. ನಲವತ್ತೊಂದು ವರ್ಷದ ಸೇವೆ, ಹಿತ್ತಲಿನ ಕೋಸು, ಅಚ್ಚುಕಟ್ಟು ಸ್ವಭಾವ, ಎಲ್ಲವನ್ನೂ ಒಂದು ಹಾಳೆಯಿಂದ ಓದಿದ. ತುಂಬ ಹೊತ್ತೇನೂ ಹಿಡಿಯಲಿಲ್ಲ.

"ಮ್ಯೂರಿಯಲ್‌ಳ ಪತಿ, ಬೆರಿಲ್‌ಳ ಭಾವ, ನಮ್ಮೆಲ್ಲರ ಸ್ನೇಹಿತ ಡೆರಿಕ್‌ನನ್ನು..."

"ಇನ್ನೊಂದಿದೆ," ಎಂದಳು ಮ್ಯೂರಿಯಲ್.

ಪಾದ್ರಿ ಹಾಳೆ ತಿರುಗಿಸಿ ನೋಡಿದ. "ಕ್ಷಮಿಸಿ, ಏನಾದ್ರೂ ಬಿಟ್ಟುಹೋಯ್ತಾ?"

"ಐವಿಯ ಅಪ್ಪ. ಅದನ್ನೂ ಓದಿ."

ಹಾಳೆಯಲ್ಲಿ ಇಲ್ಲದ್ದನ್ನು ಪಾದ್ರಿ ಓದಿದ. ಗಟ್ಟಿಯಾಗಿ ಓದಿದ, ಪಾಪ, ಒಳ್ಳೆಯ ಮನುಷ್ಯ. ಆ ಹೆಸರು ಆ ಖಾಲಿ ಬೆಂಚುಗಳ ನಡುವೆ ಎಲ್ಲರಿಗೂ ಕೇಳಿಸಿತು.

ಅವನು ಸನ್ನೆ ಮಾಡಲಿಲ್ಲ, ಬೇಡವೆಂದಿದ್ದಳಲ್ಲ. ಮ್ಯೂರಿಯಲ್ ತಾನೇ ಎದ್ದಳು. ಮಂಡಿ ನೋವಿನಿಂದ ಬೆಂಚು ಹಿಡಿದು ಹಿಡಿದು ಮುಂದೆ ಹೋದಳು. ಪೆಟ್ಟಿಗೆಯ ತಲೆಯ ಕಡೆ ನಿಂತು, ಹಿಂದಿನ ಮೇಣಗಾಗದದಿಂದ ಬಿಡಿಸಲು ಉಗುರಿನಿಂದ ಚೀಟಿಯ ಅಂಚು ಕೆದಕಿದಳು. ಏಳು ವರ್ಷದ ಅಂಟು ಸುಲಭಕ್ಕೆ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಪಿಲ್ಲಿಂಗ್ ಉಸಿರೆಳೆದುಕೊಂಡದ್ದು ಬೆರಿಲ್‌ಗೆ ಕೇಳಿಸಿತು. ಚೀಟಿ ಬಿಟ್ಟುಬಂತು. ಮ್ಯೂರಿಯಲ್ ಅದನ್ನು ನುಣುಪಾದ ಮರದ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿದಳು. ಆಮೇಲೆ ಇಡೀ ಅಂಗೈಯನ್ನು ಅದರ ಮೇಲಿಟ್ಟಳು, ಪರದೆ ಎಳೆಯುವವನು ಎರಡು ಸಲ ಕೆಮ್ಮುವವರೆಗೂ ತೆಗೆಯಲಿಲ್ಲ.

ಪರದೆ ಮುಚ್ಚಿತು. ಹೊರಗೆ ಹನ್ನೆರಡೂವರೆಯವರ ಕಾರುಗಳು ಬಂದು ನಿಂತಿದ್ದವು.

"ಕೊಡು ಇಲ್ಲಿ, ಕಸದ ಬುಟ್ಟಿಗೆ ಹಾಕ್ತೀನಿ," ಎಂದು ಬೆರಿಲ್ ಕೈ ಚಾಚಿದಳು. ಮ್ಯೂರಿಯಲ್‌ಳ ಬೆರಳುಗಳ ನಡುವೆ ಚೀಟಿಯ ಹಿಂದಿನ ಮೇಣಗಾಗದ ಉಳಿದಿತ್ತು, ಬೆರಳುದ್ದ, ಏನೂ ಬರೆಯದ್ದು. ಮ್ಯೂರಿಯಲ್ ಮುಷ್ಟಿ ಬಿಗಿಹಿಡಿದು ಅದನ್ನು ಎದೆಗೆ ಒತ್ತಿಕೊಂಡಳು, ಟವೆಲ್ಲಿನಲ್ಲಿ ಸುತ್ತಿದ್ದೇನನ್ನೋ ಹಿಡಿದ ಹಾಗೆ ಇನ್ನೊಂದು ಕೈಯನ್ನೂ ಅದರ ಕೆಳಗೆ ಕೊಟ್ಟುಕೊಂಡು, ಮಳೆಯಲ್ಲಿ ಕಾರಿನತ್ತ ನಡೆದಳು.