ಇಳಿಜಾರಿನಲ್ಲಿ ಬಿಟ್ಟ ಕೈ

ಮೇಲಿಂದ ರೊಟ್ಟಿ ಬಡಿಯುವ ಸದ್ದು ಇನ್ನೂ ಬಂದಿಲ್ಲ, ಈ ಹೊತ್ತಿಗೆ ಬರಬೇಕಿತ್ತು, ಟಪ ಟಪ ಟಪ, ಮಹಾದೇವಿ ನಮ್ಮ ಮೇಲಿನ ರೂಮಿಗೆ ಬಾಡಿಗೆಗೆ ಬಂದಾಗಿನಿಂದ ನನಗೆ ಗಡಿಯಾರವೇ ಬೇಕಾಗಿಲ್ಲ, ಇವತ್ತು ಕುಕ್ಕರ್ ಕೂಗಿತು, ಕಂಪನಿ ಬಸ್ಸು ಹಾರ್ನ್ ಹೊಡೆದು ಹೋಯಿತು, ರೊಟ್ಟಿ ಮಾತ್ರ ಇಲ್ಲ — ನಿದ್ದೆ ಇರಬಹುದು, ನಿನ್ನೆ ಅಷ್ಟು ದೂರ ತುಳಿದಿದ್ದೇವೆ, ನನ್ನ ತೊಡೆಯೇ ಕಲ್ಲಾಗಿದೆ, ಮಂಡಿ ಇಂಗೆ ಊದ್ಕಂಡೈತಲ್ಲಮ್ಮಿ, ಈ ವಯಸ್ಗೆ ಸೈಕ್ಲು ಬೇಕಿತ್ತಾ ನಿಂಗೆ, ಅತ್ತೆ ಪಿಳ್ಳಮ್ಮ ಹರಳೆಣ್ಣೆ ಬಟ್ಟಲು ಇಟ್ಟು ಹೋದರು, ಅವರಿಗೆ ಹೇಗೆ ಹೇಳಲಿ, ಬೇಕಿದ್ದುದು ನನಗಲ್ಲ, ಅವಳಿಗೆ.

ಎಲ್ಲರೆ ಏರು ಇರೋ ಕಡಿ ಹೋಗೂಣ ನಡೀರಿ ಅಕ್ಕಾ, ಹೊಟ್ಟೆಯಲ್ಲಿದ್ದ ಮಗು ಹೋದ ಮೇಲೆ ಮಹಾದೇವಿ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಗಂಡ ಬಸಲಿಂಗ ಪೀಣ್ಯದ ಕಡೆ ಕಟ್ಟಡದ ಕೆಲಸಕ್ಕೆ ಹೋದರೆ ವಾರಗಟ್ಟಲೆ ಅಲ್ಲೇ, ಇಲ್ಲ ಅನ್ನಲು ನನಗೆ ಮನಸ್ಸು ಬರಲಿಲ್ಲ, ಮಗಳು ಮಾಲಾಳ ಗೇರ್ ಸೈಕಲ್ಲು ನಾನು ಹಿಡಿದೆ, ಅವಳು ತನ್ನ ನೀಲಿ ಸೈಕಲ್ಲು, ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು, ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ಊರಿಂದ ತಂದದ್ದು — ಎಲೆಕ್ಟ್ರಾನಿಕ್ ಸಿಟಿಯ ಲಾರಿಗಳನ್ನು ದಾಟಿ, ಆನೇಕಲ್ ದಾಟಿ, ಗಡಿ ಕಡೆಯ ಗುಡ್ಡದ ರಸ್ತೆ, ಏರು, ಇಳುಕಲು, ಮತ್ತೆ ಏರು, ಗೇರು ಯಾವ ಕಡೆ ತಿರುಗಿಸಬೇಕೋ ತಿಳಿಯದೆ ನಾನು ಸುಮ್ಮನೆ ಕಾಲಾಡಿಸುತ್ತಿದ್ದೇನೆ, ಅವಳು ಎದ್ದು ನಿಂತು ತುಳಿಯುತ್ತಾಳೆ, ಏನ್ರಿ ಅಕ್ಕಾ, ನಿಮ್ಮದಕ್ಕ ಅಷ್ಟು ಗೇರು, ನನ್ನದಕ್ಕ ಒಂದೂ ಇಲ್ಲ, ಆದ್ರೂ ಹಿಂದ ಉಳದೀರಿ, ನಕ್ಕಳು, ಹೌದು ನಕ್ಕಳು, ತುದಿಯ ಬಂಡೆಯ ಮೇಲೆ ಚಿತ್ರಾನ್ನ ಮತ್ತೊಮ್ಮೆ ಹಾಕಿಸಿಕೊಂಡು ತಿಂದಳು, ಮನಸ್ಸು ಕೆಟ್ಟವರು ಹಾಗೆ ತಿನ್ನುತ್ತಾರೆಯೇ, ಆಮೇಲೆ ಕೆಳಗೆ ನೋಡುತ್ತಾ, ನನಗ ಇಲ್ಲಿಂದ ಇಳಿಯೂದೇ ಬ್ಯಾಡ ಅನಸಾಕತ್ತದ ಅಕ್ಕಾ, ಅಂದಳು, ಹೂಂ ಕಣೆ, ನಂಗೂ, ಗಾಳಿ ಎಷ್ಟ್ ಚೆನ್ನಾಗಿದೆ ಅಂದುಬಿಟ್ಟೆ ನಾನು, ಅವಳು ಹೇಳಿದ್ದು ಗಾಳಿಯ ಮಾತೇ ಆಗಿತ್ತೇ.

ಅಮ್ಮಾ ನನ್ ಐಡಿ ಕಾರ್ಡ್ ಎಲ್ಲಿ, ಫ್ರಿಜ್ ಮೇಲಿದೆ ಕಣೆ, ಡಬ್ಬಿ ತಗೊಂಡ್ಯಾ, ಮಾಲಾ ಓಡಿದಳು — ಇಳಿಜಾರು, ಅವಳು ಮುಂದೆ, ತಿರುವಿನಾಚೆ ಕಲ್ಲು ತೆಗೆದು ಬಿಟ್ಟ ಆಳದ ಹೊಂಡ, ಮೊದಲು ಬಲಗೈ ಹ್ಯಾಂಡಲ್ ಬಿಟ್ಟಿತು, ಆಮೇಲೆ ಎಡಗೈ, ಎರಡೂ ಮೇಲಕ್ಕೆ, ಬಳೆಗಳು ಮೊಣಕೈಗೆ ಜಾರಿದವು, ಬ್ರೇಕ್ ಹಿಡಿಯೇ ಮಾದೇವೀ, ನಾನು ಕೂಗಿದೆ, ಕಣ್ಣು ಮುಚ್ಚಿಬಿಟ್ಟೆ, ತೆರೆದಾಗ ಅವಳು ಕೆಳಗೆ ಹೊಂಗೆ ಮರದಡಿ ಕಾಲೂರಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು, ಗಾಳಿ ಹೊಡೀತ್ರಿ ಕಣ್ಣಿಗಿ, ತಿರುವಿನಲ್ಲಿ ಅವಳೇ ಹ್ಯಾಂಡಲ್ ಹಿಡಿದಳೋ, ಸೈಕಲ್ಲೇ ತಿರುಗಿಕೊಂಡಿತೋ, ನಾನು ನೋಡಲಿಲ್ಲ, ಖುಷಿಗೆ ಬಿಟ್ಟ ಕೈಯೋ, ಸಾಕೆಂದು ಬಿಟ್ಟ ಕೈಯೋ.

ನಿನ್ನೆ ಸಂಜೆ ಡಬ್ಬಿಗಳನ್ನೆಲ್ಲ ತಂದುಕೊಟ್ಟಳು, ಆಸ್ಪತ್ರೆ ದಿನಗಳಲ್ಲಿ ಗಂಜಿ ಕಳಿಸಿದ್ದು, ಸಾರು ಕಳಿಸಿದ್ದು, ಎಲ್ಲ ತೊಳೆದು ಒರೆಸಿ, ಬರಿ ಪಾತ್ರೆ ಕೊಡಬಾರದೆಂದು ಪ್ರತಿಯೊಂದರಲ್ಲೂ ಬೆಲ್ಲದ ಚೂರು, ನಾನು ಬೆಲ್ಲವನ್ನೇ ನೋಡಿದೆ, ಬಾಯಿಗೂ ಹಾಕಿಕೊಂಡೆ, ಇಷ್ಟು ದಿನ ಒಂದು ಡಬ್ಬಿ ಕೆಳಗೆ ಬಂದರೆ ಇನ್ನೊಂದು ಮೇಲೆಯೇ ಇರುತ್ತಿತ್ತು, ಹಾಗೇ ನಡೆದಿತ್ತು ನಮ್ಮಿಬ್ಬರದು, ಈಗ ಮೇಲೆ ನನ್ನದೊಂದೂ ಇಲ್ಲ, ಅವಳು ಹಿಂತಿರುಗಿಸಬೇಕಾದ್ದು ಒಂದೂ ಇಲ್ಲ — ಅಯ್ಯೋ, ರಾತ್ರಿಯೇ ಯಾಕೆ ಹೊಳೆಯಲಿಲ್ಲ, ಸ್ಟವ್ ಆರಿಸಿದೆನೋ ಇಲ್ಲವೋ, ದೊಡ್ಡ ಡಬ್ಬಿ, ಬಿಸಿ ಉಪ್ಪಿಟ್ಟು, ತುಂಬಿ ಚೆಲ್ಲಲಿ, ಎಲ್ಲಿಗಮ್ಮಿ ಓಡ್ತೀಯಾ ಆ ಮಂಡೀಲಿ, ಅತ್ತೆ, ಬಂದೆ ಇರಿ, ಮೆಟ್ಟಿಲು, ಮಂಡಿ, ಮೆಟ್ಟಿಲು, ಇದೇಕೆ ಇಷ್ಟು ಎತ್ತರ, ಮೂಲೆಯಲ್ಲಿ ನೀಲಿ ಸೈಕಲ್ಲು, ಬೀಗ ಹಾಕಿದೆ, ಬೀಗ ಹಾಕಿದ್ದು ಒಳ್ಳೆಯದೇ ಅಲ್ಲವೇ, ಇನ್ನೂ ಬೇಕು ಅಂತಲೇ ಅಲ್ಲವೇ, ಮಾದೇವಿ, ಮಾದೇವೀ, ಬಾಗಿಲು ತೆಗಿ ಕಣೆ, ನಾನು, ಅಕ್ಕ.

ಸದ್ದಿಲ್ಲ, ಮತ್ತೆ ಬಡಿದೆ, ಚಿಲಕ ಕಿರ್ ಅಂದಿತು, ಬಾಗಿಲು ಒಂದು ಗೇಣು, ಕತ್ತಲಲ್ಲಿ ಅವಳ ಮುಖ, ನಿದ್ದೆಯಿಂದ ಎದ್ದದ್ದೋ, ನಿದ್ದೆಯನ್ನೇ ಮಾಡದ್ದೋ, ಏನ್ರಿ ಅಕ್ಕಾ ಇಷ್ಟ್ ಲಗೂ, ತಗೋ, ಉಪ್ಪಿಟ್ಟು, ಡಬ್ಬಿ ಆಮೇಲೆ ತಂದ್ಕೊಡು, ನೀನೇ ತಂದ್ಕೊಡ್ಬೇಕು, ಹಿಡಿ, ತುಂಬಾ ಬಿಸಿ ಇದೆ, ಒಂದೇ ಕೈಯಲ್ಲಿ ಆಗಲ್ಲ — ಬಲಗೈ ಬಂತು, ಬಳೆ ಜಾರಿತು, ಡಬ್ಬಿಯ ಅಂಚು ಹಿಡಿಯಿತು, ನಾನು ಬಿಡಲಿಲ್ಲ, ಎಡಗೈ ಎಲ್ಲಿ, ಇಳಿಜಾರಿನಲ್ಲಿ ಮೇಲೆದ್ದ ಆ ಕೈ, ಇನ್ನೊಂದು ಕೈ ಕಣೆ, ಇನ್ನೊಂದು ಕೈ.