ತಾರೀಖಿನ ಪುಸ್ತಕಗಳು

ದಾಂಡೇಲಿ ಕಾಗದದ ಊರು. ಬಿದಿರು ಗಿರಣಿಯ ಒಳಗೆ ಹೋಗಿ ಬಿಳಿ ಹಾಳೆಯಾಗಿ ಹೊರಗೆ ಬರುತ್ತಿತ್ತು. ಆ ಹಾಳೆ ಯಾರ ಮಾತು ಹೊತ್ತು ಎಲ್ಲಿಗೆ ಹೋಯಿತೆಂಬುದು ಮಾತ್ರ ಬಿದಿರು ಹೊತ್ತವರಿಗೆ ತಿಳಿಯುತ್ತಿರಲಿಲ್ಲ. ಹೋದ ಹಾಳೆಗಳಲ್ಲಿ ಕೆಲವಾದರೂ ತಿರುಗಿ ಆ ಜನರ ಕೈಗೆ ಬರಬೇಕೆಂದು ಹಟ ಹಿಡಿದವನು ಊರಿಗೆ ಒಬ್ಬನೇ ಇದ್ದ. ಅವನೇ ರದ್ದಿ ಶಮಶುದ್ದೀನ.

ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಹಳಿಯಾಳ, ಸಾಂಬ್ರಾಣಿಯಿಂದ ಹಿಡಿದು ಮುಂಡಗೋಡದ ತನಕ ಅವನ ತಿರುಗಾಟ. ಹಳೆಯ ಪತ್ರಿಕೆ ಕಿರಾಣಿ ಅಂಗಡಿಗೆ ಹೋಗುತ್ತಿತ್ತು, ಕಾದಂಬರಿ ಸಂತೆಯಲ್ಲಿ ಖರ್ಚಾಗುತ್ತಿತ್ತು. ಆದರೆ ಚರಿತ್ರೆ, ರಾಜಕಾರಣ, ದೊಡ್ಡವರ ಜೀವನಕಥೆ ಕೈಗೆ ಬಂದರೆ ಅವನ ತಕ್ಕಡಿ ಮೇಲೇಳುತ್ತಲೇ ಇರಲಿಲ್ಲ. ಕ್ಯಾಸಲ್‌ರಾಕಿನಲ್ಲಿ ತೀರಿಕೊಂಡ ರೈಲ್ವೆ ಗಾರ್ಡನೊಬ್ಬನ ಟ್ರಂಕಿನ ತುಂಬ ಅಂಥವೇ ಸಿಕ್ಕಿದ್ದವು. ಒಬ್ಬ ದಿವಾನನ ಜೀವನಚರಿತ್ರೆಯಲ್ಲಿ ಆ ಗಾರ್ಡ ಪುಟ ಬಿಟ್ಟು ಪುಟಕ್ಕೆ ಪೆನ್ಸಿಲಿನಲ್ಲಿ ‘ಸುಳ್ಳು’ ಎಂದು ಬರೆದಿದ್ದ. ಕೊನೆಯಲ್ಲಿ ದಿವಾನ ಸತ್ತ ಪುಟದ ಅಂಚಿನಲ್ಲಿ ‘ಇದು ಖರೆ’ ಎಂದಿತ್ತು. ಶಮಶುದ್ದೀನ ಅದನ್ನು ನೆನೆಸಿಕೊಂಡು ದಾರಿಯುದ್ದಕ್ಕೂ ನಕ್ಕಿದ್ದ. ಕಾಣದ ಆ ಮನುಷ್ಯ ಅವತ್ತಿನಿಂದ ಅವನಿಗೆ ಗೆಳೆಯನಾದ.

ಇಂಥ ಪುಸ್ತಕಗಳನ್ನು ಅವನು ತನ್ನ ರದ್ದಿ ಅಂಗಡಿಯ ಹಿಂದಿನ ಖೋಲಿಯಲ್ಲಿ ಗೋಡೆಗೆ ಒಟ್ಟಿದ್ದ. ಉರ್ದು ಮನೆಮಾತಿನವನು, ಚರಿತ್ರೆಗೆ ಅವನ ಬಾಯಲ್ಲಿ ಬರುತ್ತಿದ್ದದ್ದು ‘ತಾರೀಖು’ ಎಂಬ ಮಾತು. ಗಿರಣಿಯ ಪಾಳಿ ಮುಗಿಸಿದ ನಾಕಾರು ಮಂದಿ ಸಂಜೆ ಅಲ್ಲಿ ಕೂಡಿ ಓದಿಸಿ ಕೇಳುತ್ತಿದ್ದರು. ಹಂಗಾಗಿ ‘ತಾರೀಖಿನ ಪುಸ್ತಕ’ ಎಂಬ ಮಾತು ಊರಲ್ಲಿ ಓಡಾಡಿತು, ಓಡಾಡುತ್ತ ಹೊಳೆದಂಡೆಯ ಜೋಪಡಿಗಳನ್ನೂ ಮುಟ್ಟಿತು.

ಒಂದು ದಿನ ಮಾಲವ್ವ ಬಂದಳು. ಕಲಘಟಗಿ ಕಡೆಯವಳು. ಬಿದಿರು ಇಳಿಸುವ ಕೆಲಸ. ಸೆರಗಿನ ತುಂಬ ಬಿದಿರಿನ ಸಿಬಿರು.

“ಅಣ್ಣಾರ, ನಿಮ್ಮಲ್ಲೆ ತಾರೀಖಿನ ಪುಸ್ತಕ ಅದಾವಂತ?”

“ಅದಾವ ತಂಗಿ. ಯಾವುದು ಬೇಕು?”

“ನಮ್ದು.”

“ನಿಮ್ದಂದ್ರ?”

“ನಾವು ಈ ಊರಿಗೆ ಬಂದು ಜೋಪಡಿ ಹಾಕಿದ್ದು ಯಾವ ತಾರೀಖು ಅಂತ ತಗದು ಹೇಳ್ರಿ. ಹಳಿಯಾಳ ಕೋರ್ಟಿನ್ಯಾಗ ಕೇಳಾಕತ್ತಾರ.”

ಅಲ್ಲೇ ಬೀಡಿ ಸೇದುತ್ತ ಕೂತಿದ್ದ ಗಾಡಿ ಗೌಸ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಕ್ಕಾ, ಅದು ಪಂಚಾಂಗ ಅಲ್ಲ!”

ಶಮಶುದ್ದೀನ ನಗಲಿಲ್ಲ. ಜೋಪಡಿ ನಿಂತ ನೆಲ ಕಿರಾಣಿ ಅಂದಾನೆಪ್ಪ ಸಾವಕಾರನ ಹೆಸರಿನಲ್ಲಿತ್ತು. ಈ ಮಂದಿ ಹೋದ ವರ್ಷ ಬಂದು ನುಗ್ಗಿದರೆಂದು ಅವನ ದಾವೆ. ಗಿರಣಿಯ ಪಾಯ ತೋಡಿದವರೇ ತಾವೆಂದು ಜೋಪಡಿಯವರ ಮಾತು. ಪಾಯ ತೋಡಿದ ಕೈಗೆ ಪುರಾವೆ ಕೇಳುವ ಕಾಲ. ನೆಲ ಎಲ್ಲಿಂದ ಬಂತೆಂದು ಸಾವಕಾರನನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

“ಕೂಡು ತಂಗಿ. ನಮ್ಮ ಮಾತಿನ್ಯಾಗ ತಾರೀಖು ಅಂದ್ರ ಬರೇ ದಿವಸ ಅಲ್ಲ. ಮಂದಿ ಹೆಂಗ ಬದುಕಿದ್ರು, ಯಾರ ಕೂಡ ಬಡದಾಡಿದ್ರು, ಅದೆಲ್ಲಾ ತಾರೀಖು. ಚರಿತ್ರಾ ಅಂತಾರಲ್ಲ, ಅದು.”

ಮಾಲವ್ವ ಗೋಡೆಯುದ್ದಕ್ಕೂ ಕಣ್ಣಾಡಿಸಿದಳು. “ಇಷ್ಟು ಅದಾವ. ಒಂದರಾಗೂ ನಮ್ದಿಲ್ಲ?”

ಅವನೂ ಗೋಡೆಯ ಕಡೆ ನೋಡಿದ. ಎದ್ದು ಅಟ್ಟೆ ಹರಿದ ಒಂದು ಪುಸ್ತಕ ಎಳೆದ. ಕರನಿರಾಕರಣೆಯ ಕಾಲದಲ್ಲಿ, ಹರಾಜಾದ ಹೊಲಗಳನ್ನು ಕೊಂಡವರ ಬಾಗಿಲ ಮುಂದೆ ಸಿದ್ದಾಪುರದ ಕಡೆಯ ಹೆಂಗಸರು ಅನ್ನ ನೀರು ಬಿಟ್ಟು ಕೂತ ಸಂಗತಿ ಅದರಲ್ಲಿತ್ತು. ಓದಿ ಹೇಳಿದ. ಮಾಲವ್ವ ಸಿಬಿರು ಕೀಳುವುದನ್ನು ಬಿಟ್ಟು ಕೇಳಿದಳು.

“ಇದು ನಮ್ಮ ಜಿಲ್ಲಾದಾಗನ ಆತ?”

“ಇಲ್ಲೆ, ನಮ್ಮ ಜಿಲ್ಲಾದಾಗನ.”

“ಬರೇ ಕುಂತರು?”

“ಬರೇ ಕುಂತರು.”

ಮರುದಿನ ಆಕೆ ಓಣಿಯ ಹೆಂಗಸರನ್ನೆಲ್ಲ ಕರೆತಂದಳು. ಸತ್ತೆವ್ವ ಎಂಬ ಮುದುಕಿಯಂತೂ ಎಷ್ಟು ಬಿಡಿಸಿ ಹೇಳಿದರೂ ಕೇಳಲೊಲ್ಲಳು. ತಮ್ಮ ತಾರೀಖು ಆ ಗೋಡೆಯಲ್ಲಿ ಎಲ್ಲೋ ಅಡಗಿದೆ, ಓದುತ್ತ ಹೋದರೆ ಒಂದು ದಿನ ಸಿಕ್ಕೀತೆಂದೇ ಅವಳ ನಂಬಿಕೆ. “ಆ ಮೂಲ್ಯಾಗಿಂದು ಓದೀಯೇನೋ ಸಾಹೇಬಾ?” ಎಂದು ದಿನಾ ಕೇಳುವಳು.

ಅದು ಚೀನಾದೊಡನೆ ಯುದ್ಧ ನಡೆದ ವರ್ಷ. ಹೋಟೆಲಿನ ರೇಡಿಯೋ ಮುಂದೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅಂಥ ಒಂದು ಮುಂಜಾನೆ ಅಂದಾನೆಪ್ಪ ಖೋಲಿಯ ಬಾಗಿಲಲ್ಲಿ ನಿಂತ. ಶಮಶುದ್ದೀನ ಬಾಡಿಗೆಗಿದ್ದ ಅಂಗಡಿ, ಖೋಲಿ ಎರಡೂ ಅವನವೇ.

“ಶಮಶುದ್ದೀನ, ಚೀನಾದ ಪುಸ್ತಕಾ ಇಟ್ಟೀಯಂತ?”

“ಚೀನಾದ್ದಲ್ಲರಿ ಸಾವ್ಕಾರ್ರ. ಅಟ್ಟಿ ಅಷ್ಟ ಕೆಂಪೈತಿ. ಒಳಗಿರೂದು ಇಂಗ್ಲಂಡಿನ ಪಾರ್ಲಿಮೆಂಟು.”

“ಕೆಂಪು ಅಂದ್ರ ಕೆಂಪ.”

“ಹಂಗಂದ್ರ ನಿಮ್ಮ ಬ್ಯಾಡಗಿ ಮೆಣಸಿನಕಾಯಿ?”

ಅಂದಾನೆಪ್ಪನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. “ನಾಳೆ ಪೊಲೀಸರು ಬಂದ್ರ ಹೆಸರು ಕೆಡೂದು ನಂದು. ಪುಸ್ತಕಾ ಹೋಗಬೇಕು, ಇಲ್ಲಾ ನೀ ಹೋಗಬೇಕು. ಸಂತಿ ದಿನಾ ಗೌಸನ ಗಾಡಿಗೆ ಹೇರು. ಹಾಳಿ ಬಿಡಿಸಿ ಅಂಗಡ್ಯಾಗ ಪೊಟ್ಟಣಾ ಕಟ್ಟಸ್ತೇನಿ.”

ಅಸಲು ಸಿಟ್ಟು ಯಾವುದರ ಮೇಲೆಂದು ಶಮಶುದ್ದೀನನಿಗೆ ತಿಳಿಯದೆ ಇರಲಿಲ್ಲ. ಜೋಪಡಿಯ ಹೆಂಗಸರು ಸಾವಕಾರನ ಖೋಲಿಯಲ್ಲೇ ಕೂತು ಓದಿಸಿ ಕೇಳುವುದನ್ನು ಯಾವ ಸಾವಕಾರ ತಡೆದುಕೊಂಡಾನು? ಪುಸ್ತಕ ಮನೆಗೆ ಒಯ್ಯೋಣವೆಂದರೆ ಅವನೂ ಹೆಂಡತಿ ಸಕೀನಾಳೂ ಕಾಲು ಚಾಚಿದರೆ ಬಾಗಿಲು ಮುಚ್ಚದಂಥ ಮನೆ. ಗಾರ್ಡನ ‘ಸುಳ್ಳು’ ಶೇಂಗಾ ಕಟ್ಟಲಿಕ್ಕೆ, ಸಿದ್ದಾಪುರದ ತಾಯಂದಿರು ಖಾರಪುಡಿ ಕಟ್ಟಲಿಕ್ಕೆ!

ಸಂತೆಯ ದಿನ ಗೌಸ ಗಾಡಿ ತಂದ. ಒಂದೊಂದೇ ಕಟ್ಟು ಏರಿಸುತ್ತ, “ಎತ್ತಿಗೆ ಓದು ಬರೂದಿಲ್ಲ ಚಾಚಾ, ಚೊಲೋ ಆತು. ಬಂದಿದ್ರ ಇವತ್ತ ಸಂಪು ಹೂಡತಿದ್ವು” ಎಂದು ನಗಿಸಲು ನೋಡಿದ. ಶಮಶುದ್ದೀನ ಕೊನೆಯ ಕಟ್ಟನ್ನು ಕೈಯಿಂದ ಬಿಡದೆ ನಿಂತಿದ್ದ.

ಗಾಡಿ ಹೊರಳಬೇಕು, ಅಷ್ಟರಲ್ಲಿ ಮಾಲವ್ವ ಬಂದು ಎತ್ತುಗಳ ಮುಂದೆ ರಸ್ತೆಯಲ್ಲೇ ಕೂತಳು. ಹಿಂದೆಯೇ ಸತ್ತೆವ್ವ. ಆಮೇಲೆ ಇಡೀ ಓಣಿ. ಯಾರೂ ಕೂಗಲಿಲ್ಲ. ಬರೇ ಕುಂತರು.

ಅಂದಾನೆಪ್ಪ ಓಡಿಬಂದ. “ಏಳ್ರಬೇ! ರದ್ದಿ ಗಾಡಿಗೆ ಯಾಕ ಅಡ್ಡ ಕುಂತೀರಿ?”

“ರದ್ದಿ ಅಲ್ರಿ ಸಾವ್ಕಾರ್ರ” ಎಂದಳು ಮಾಲವ್ವ. “ಅದರಾಗ ನಮ್ಮ ತಾರೀಖು ಐತಿ.”

“ಏನೈತಿ?”

“ನಾವು ಇಲ್ಲೆ ಬಂದ ತಾರೀಖು ಅದರಾಗ ಐತೋ ಭಾಡ್ಯಾ!” ಸತ್ತೆವ್ವ ಕೋಲು ಕುಟ್ಟಿದಳು. “ದಿನಾ ಹುಡಕಾಕತ್ತೇವಿ. ಆ ಮೂಲ್ಯಾಗಿಂದು ಇನ್ನೂ ಓದಿಲ್ಲ.”

ಸಂತೆಯ ಮಂದಿ ನೆರೆದಿತ್ತು. ಅಂದಾನೆಪ್ಪ ಗಾಡಿಯತ್ತ ನೋಡಿದ. ಅವನಿಗೂ ತಾರೀಖೆಂದರೆ ಒಂದೇ ಅರ್ಥ, ದಿವಸ. ಹಾಗಾದರೆ ಈ ರಾಶಿಯಲ್ಲಿ ಜೋಪಡಿ ಎದ್ದ ದಿನದ ದಾಖಲೆ ಇದೆ ಎಂದಾಯಿತು. ಇಷ್ಟು ಜನರ ಎದುರು ಅದನ್ನು ಹರಿದು ಪೊಟ್ಟಣ ಕಟ್ಟಿದರೆ ಕೋರ್ಟು ಏನೆಂದೀತು?

“ಶಮಶುದ್ದೀನ, ಖರೆ ಏನಿದು? ತಾರೀಖು ಐತೇನು ಇದರಾಗ?”

ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಮಾಲವ್ವನ ಮುಖ ನೋಡಿದ. ಆಕೆ ಎಲ್ಲ ತಿಳಿದೇ ಅಂದದ್ದು; ಕಣ್ಣಂಚಿನಲ್ಲಿ ಸಣ್ಣ ನಗೆಯಿತ್ತು. ಇಷ್ಟು ವರ್ಷ ತಾನು ಗೋಣಿಚೀಲದಲ್ಲಿ ಹೊತ್ತು ತಂದದ್ದು ಎಲ್ಲಿಗೆ ಮುಟ್ಟಬೇಕಿತ್ತೋ ಅಲ್ಲಿಗೆ ಮುಟ್ಟಿದೆ ಎಂದು ಅವನಿಗೆ ಆ ಗಳಿಗೆಯಲ್ಲಿ ಅನ್ನಿಸಿತು.

“ಐತ್ರಿ ಸಾವ್ಕಾರ್ರ” ಎಂದ. “ಅಲ್ಲಾನ ಆಣಿ, ಇದರಾಗ ಇರೂದೆಲ್ಲಾ ತಾರೀಖ.”

ಗೌಸ ಕೆಮ್ಮಿ ಕೆಮ್ಮಿ ಆ ಕಡೆ ತಿರುಗಿದ.

ಅಂದಾನೆಪ್ಪ ಅಲ್ಲಿಂದಲೇ ಹಳಿಯಾಳದ ಬಸ್ಸು ಹತ್ತಿದ. ಗಾಡಿ ಅಲ್ಲೇ ನಿಂತಿತ್ತು, ಹೆಂಗಸರು ಕೂತೇ ಇದ್ದರು. ಹೊತ್ತು ಇಳಿಯುವಾಗ ತಿರುಗಿ ಬಂದವನು ಯಾರ ಮುಖವನ್ನೂ ನೋಡದೆ ಅಂದ: “ಒಳಗ ಇಡ್ರಿ. ಕೇಸು ಮುಗಿಯೂತನಕ ಒಂದು ಹಾಳಿನೂ ಮುಟ್ಟಬ್ಯಾಡ ಅಂದಾರ ವಕೀಲರು. ಖೋಲಿಗೂ ಕೈ ಹಚ್ಚಬಾರದಂತ.”

ಕಟ್ಟುಗಳನ್ನು ಆ ಹೆಂಗಸರೇ ಇಳಿಸಿದರು. ಬಿದಿರು ಇಳಿಸಿ ಪಳಗಿದ ಕೈ. ಒಂದು ಅಟ್ಟೆಯೂ ಹರಿಯಲಿಲ್ಲ.

ಕೇಸು ಎಲ್ಲಿ ಮುಗಿಯುತ್ತದೆ? ಮಳೆಗಾಲ ಬಂತು, ಹೋಯಿತು. ಜೋಪಡಿ ಇದ್ದಲ್ಲೇ ಇದ್ದವು, ಪುಸ್ತಕವೂ ಇದ್ದಲ್ಲೇ. ಹಳಿಯಾಳಕ್ಕೆ ಹೋಗಿಬಂದ ದಿನ ಮಾಲವ್ವ ಮನೆಗೂ ಹೋಗದೆ ನೆಟ್ಟಗೆ ಖೋಲಿಗೆ ಬರುತ್ತಿದ್ದಳು.

“ಏನಾತು ತಂಗಿ?”

“ಮತ್ತ ತಾರೀಖು ಕೊಟ್ರು ಅಣ್ಣಾ.”

ಶಮಶುದ್ದೀನ ಎರಡೂ ಕೈಯೆತ್ತಿ ಅಲ್ಲಾನನ್ನು ನೆನೆದು ನಗುತ್ತಿದ್ದ. “ಕೊಡ್ಲಿ ಬಿಡು, ಅವರ ಕಡೆ ಎಷ್ಟರ ಇರ್ತಾವ? ನಮ್ಮ ಕಡೆ ಗ್ವಾಡಿ ತುಂಬ ಅದಾವ. ಬಾ, ಕೂಡು. ಎಲ್ಲಿ ಬಿಟ್ಟಿದ್ವಿ?”

“ಆ ಮೂಲ್ಯಾಗಿಂದು!” ಬಾಗಿಲಲ್ಲಿ ಸತ್ತೆವ್ವನ ಕೋಲು ಸದ್ದು ಮಾಡಿತು.