ಚೇಂಬರಿನೊಳಗೆ ಭಾವ, ಭಾಮೈದ

ನಮ್ಮ ಹಡಗಿಗೆ ತೋಪೂ ಇಲ್ಲ, ಗತ್ತೂ ಇಲ್ಲ. ಸಮುದ್ರದ ತಳದಲ್ಲಿ ಹಳೆಯ ಯುದ್ಧದ ಮೈನುಗಳನ್ನು ಹುಡುಕಿ ಸಿಡಿಸುವ ಡೈವರುಗಳಿಗೆ ಊಟ, ಹಾಸಿಗೆ, ಗಾಳಿಯ ಸಿಲಿಂಡರು ಹೊತ್ತುಕೊಂಡು ಹಿಂದೆ ಹಿಂದೆ ಸುತ್ತುವುದೇ ಅದರ ಕೆಲಸ. ಹಿಂಭಾಗದ ಡೆಕ್ಕಿನಲ್ಲಿ ಒಂದು ಉಕ್ಕಿನ ಉದ್ದ ಪೀಪಾಯಿಯಿದೆ. ಅದಕ್ಕೆ ಚೇಂಬರ್ ಎನ್ನುತ್ತೇವೆ. ಆಳದಿಂದ ಅವಸರವಾಗಿ ಮೇಲೆ ಬಂದವನ ರಕ್ತದಲ್ಲಿ ಗಾಳಿಗುಳ್ಳೆಗಳೇಳುತ್ತವೆ. ಅವನನ್ನು ಒಳಗೆ ಮಲಗಿಸಿ, ಹದಿನೆಂಟು ಮೀಟರ್ ನೀರಿನಷ್ಟು ಒತ್ತಡ ತುಂಬಿ, ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟು ಐದು ಗಂಟೆ ಕಾಯಬೇಕು. ನಡುವೆ ಒಮ್ಮೆಲೇ ಒತ್ತಡ ಇಳಿಸಿ ಬಾಗಿಲು ತೆಗೆದರೆ ಒಳಗಿದ್ದವರ ಜೀವಕ್ಕೇ ಅಪಾಯ. ಹೊರಗೆ ವಾಲ್ವುಗಳ ಮುಂದೆ ಕೂರುವವನು ನಾನು.

ಆ ಬೆಳಿಗ್ಗೆ ಭಾವನನ್ನು ನೀರಿನಿಂದ ಎಳೆದು ತಂದರು. ಅವನ ಹೆಂಡತಿಯ ತಮ್ಮನೂ ನಮ್ಮಲ್ಲೇ ಡೈವರು. ಅವನು ಕರೆದಂತೆ ಇಡೀ ಹಡಗೇ ಇವನನ್ನು ಭಾವ ಎನ್ನುತ್ತಿತ್ತು, ತಮ್ಮನನ್ನು ಭಾಮೈದ. ನಲವತ್ತು ಮೀಟರ್ ಆಳದಲ್ಲಿ ಗಾಳಿಯ ಕೊಳವೆ ಕೈಕೊಟ್ಟು ಭಾವ ಒಂದೇ ಉಸಿರಿಗೆ ಮೇಲೆ ಬಂದಿದ್ದ.

"ಕಾಲೇ ಗೊತ್ತಾಗ್ತಿಲ್ಲ ಕಣ್ರೋ!" ಎಂದು ಕಿರುಚುತ್ತಿದ್ದ.

ರೋಗಿಯನ್ನು ಒಬ್ಬನನ್ನೇ ಒಳಗೆ ಬಿಡುವಂತಿಲ್ಲ, ಜೊತೆಗೊಬ್ಬ ಬೇಕು. "ನಾನು ಹೋಗ್ತೀನಿ" ಎಂದ ಭಾಮೈದ. ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು. ಒಂದು ಗಂಟೆ ಮೊದಲು ನನ್ನ ಹೆಂಡತಿ ಫೋನ್ ಮಾಡಿದ್ದಳು. ಕ್ವಾರ್ಟರ್ಸಿನಲ್ಲಿ ಭಾವನ ಮನೆ, ನಮ್ಮ ಮನೆ ಅಕ್ಕಪಕ್ಕ. ಹಡಗು ಹತ್ತುವ ಮುಂಚೆ ಅವನು ಹೆಂಡತಿಯ ದವಡೆ ಮುರಿದು ಬಂದಿದ್ದನಂತೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಹೋಗಿ ಭಾಮೈದನ ಕಿವಿಗೆ ಹಾಕಿದ್ದೆ. ಈಗ ಬೇಡ ಎನ್ನಬೇಕಿತ್ತು. ಇಬ್ಬರನ್ನೂ ಒಳಗೆ ಬಿಟ್ಟು ಬಾಗಿಲು ಹಾಕಿದೆ.

ಒತ್ತಡ ಹದಿನೆಂಟಕ್ಕೆ ನಿಂತಿದ್ದೇ ತಡ, ಭಾಮೈದ ಭಾವನ ಮಾಸ್ಕ್ ಕಿತ್ತು ದವಡೆಗೆ ಗುದ್ದಿದ. ಸ್ಪೀಕರಿನಲ್ಲಿ ಹಲ್ಲು ಮುರಿದ ಸದ್ದೂ ಕೇಳಿಸಿತು.

"ಅಕ್ಕನಿಗೂ ಹೀಗೇ ಆಯ್ತಾ? ಹೇಳು! ಹೀಗೇನಾ?"

"ಮಾಸ್ಕ್ ಕೊಡೋ... ನಿನ್ನ ಕಾಲಿಗೆ ಬೀಳ್ತೀನಿ..."

"ಬೀಳೋಕೆ ನಿಂಗೆ ಕಾಲೆಲ್ಲಿದೆ?"

ಗಾಜಿನ ಕಿಂಡಿಗೆ ರಕ್ತ ಸಿಡಿಯಿತು. ಭಾವ ತೆವಳಿಕೊಂಡು ಮಾಸ್ಕಿಗೆ ಕೈ ಚಾಚಿದ. ಭಾಮೈದ ಆ ಕೈಬೆರಳುಗಳನ್ನು ಹಿಮ್ಮಡಿಯಿಂದ ತುಳಿದ, ಬೆನ್ನ ಮೇಲೆ ಮಂಡಿಯೂರಿ ಕೂದಲು ಹಿಡಿದು ಮುಖವನ್ನು ಉಕ್ಕಿನ ನೆಲಕ್ಕೆ ಜಜ್ಜಿದ.

ಚೇಂಬರಿಗೊಂದು ಹೊರಕೋಣೆಯಿದೆ. ಅದರಲ್ಲಿ ಇನ್ನೊಬ್ಬ ಡೈವರನ್ನು ಕೂರಿಸಿ, ಅಷ್ಟೇ ಒತ್ತಡ ತುಂಬಿದರೆ ಎರಡೇ ನಿಮಿಷದಲ್ಲಿ ಒಳಗೆ ಕಳಿಸಬಹುದು. ನನ್ನ ಕೈ ಆ ವಾಲ್ವಿನ ಮೇಲೇ ಇತ್ತು. ಆದರೆ ಎರಡು ವರ್ಷ ಗೋಡೆಯಾಚೆ ಆ ಹೆಣ್ಣುಮಗಳ ಅಳು ಕೇಳಿದ್ದೆ, ಒಂದು ದಿನವೂ ಹೋಗಿ ಬಾಗಿಲು ತಟ್ಟಿರಲಿಲ್ಲ. ಆ ನಾಚಿಕೆಯೆಲ್ಲ ಈಗ ಸಿಟ್ಟಾಗಿ ನೆತ್ತಿಗೇರಿತ್ತು. ಮಾಡಿದ್ದುಣ್ಣೋ ಮಾರಾಯ ಎಂದುಕೊಂಡು ಸ್ಪೀಕರ್ ಆರಿಸಿದೆ. ನನಗೆ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮೇಲಿನಿಂದ ಕ್ಯಾಪ್ಟನ್ ಫೋನಿನಲ್ಲಿ ಕೇಳಿದರು: "ಹೇಗಿದಾನೆ?"

"ಸ್ವಲ್ಪ ಒದ್ದಾಡ್ತಿದಾನೆ ಸಾರ್. ಪರವಾಗಿಲ್ಲ."

ಇಪ್ಪತ್ತೆರಡು ನಿಮಿಷ ಕಳೆದವು. ಭಾವನ ತುಟಿ ನೀಲಿಯಾಗಿ, ಕೈ ಚಾಚುವುದೂ ನಿಂತಾಗ ಹೆದರಿ ಇನ್ನೊಬ್ಬನನ್ನು ಒಳಗೆ ಕಳಿಸಿದೆ. ಜೀವ ಉಳಿಯಿತು. ಕಾಲುಗಳಿಗೆ ಆಮ್ಲಜನಕ ಸಿಗಬೇಕಾದ ಹೊತ್ತು ಮೀರಿತ್ತು. ಇನ್ನು ಅವನು ನಡೆಯುವುದಿಲ್ಲ ಎಂದರು ಡಾಕ್ಟರು. ಭಾಮೈದನಿಗೆ ಜೈಲಾಯಿತು. ವಿಚಾರಣೆಯಲ್ಲಿ ಅವನು ನನ್ನ ಹೆಸರೆತ್ತಲಿಲ್ಲ.

ನಾಲ್ಕು ತಿಂಗಳ ಮೇಲೆ, ಮೊದಲ ಸಲ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಆಕೆ ಭಾವನ ಕಂಕುಳಿಗೆ ಕೈಹಾಕಿ ಎತ್ತಿ ಕುರ್ಚಿಗೆ ಕೂರಿಸುತ್ತಿದ್ದಳು. ಎತ್ತುವಾಗ ಆಕೆಯ ಮುಖ ಅವನ ಎದೆಗೆ ತಾಗುತ್ತಿತ್ತು. ಆಕೆಯ ಕೂಡಿಕೊಂಡ ದವಡೆ ಒಂದು ಕಡೆಗೆ ಸೊಟ್ಟಗಿತ್ತು. ಅವನನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ವಾಲ್ವು, ಸ್ಪೀಕರು, ಇಪ್ಪತ್ತೆರಡು ನಿಮಿಷ.

"ಅವತ್ತು ಆಸ್ಪತ್ರೆಯಿಂದ ನೆಟ್ಟಗೆ ತಮ್ಮನ ಮನೆಗೆ ಹೋಗೋಳಿದ್ದೆ ಅಣ್ಣ" ಎಂದಳು. "ಬಟ್ಟೆ ಕೂಡ ಕಟ್ಟಿಟ್ಟಿದ್ದೆ."

"ಈಗಲಾದ್ರೂ ಹೋಗಮ್ಮ."

"ಎಲ್ಲಿಗೆ? ತಮ್ಮ ಜೈಲಲ್ಲಿದಾನೆ. ಕಾಲಿಲ್ಲದ ಗಂಡನ್ನ ಬಿಟ್ಟು ಹೋದ್ಲು ಅಂತ ನನ್ನನ್ನ ಯಾರು ಒಳಗೆ ಸೇರಿಸ್ತಾರೆ?"

ಆಕೆ ಕಿವಿಯ ಮೇಲಿನ ಕೂದಲು ಸರಿಸಿದಳು. ಅಲ್ಲಿ ಬಾತಿತ್ತು, ಇನ್ನೂ ಕೆಂಪಗೆ, ಆ ಬೆಳಗಿನ ಹೊಸ ಪೆಟ್ಟು.

"ನೀವೂ ತಮ್ಮನೂ ಸೇರಿ ಅವರ ಕಾಲು ತೆಗೆದ್ರಿ" ಎಂದಳು. "ಅವರು ನನ್ನ ಹೊಡೀತಿದ್ದಿದ್ದು ಕೈಯಲ್ಲಿ ಅಣ್ಣ."